ಮೀರ್ ಸುಲ್ತಾನ್ ಖಾನ್: ಮನೆಯ ಕಟ್ಟಳೆಯೂ ಸಭೆಯ ಕಾಯಿದೆಯೂ

ಚೌಕಾಬಾರದ ಮಣೆಯ ಸುತ್ತ ಕುಳಿತವರಲ್ಲಿ ಜಗಳವೆದ್ದರೆ ಅದರ ಮೂಲವು ಸಾಮಾನ್ಯವಾಗಿ ಕವಡೆಯಲ್ಲಿರುವುದಿಲ್ಲ, ಕಟ್ಟಳೆಯಲ್ಲಿರುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತನ್ನು ಹೊಗಬಹುದೆ, ಕಡಿದವನಿಗೆ ಮತ್ತೊಂದು ಗರ ಉಂಟೆ, ಜೋಡಿಕಾಯನ್ನು ಒಂಟಿಕಾಯಿ ಹೊಡೆಯಬಲ್ಲುದೆ ಎಂಬ ಪ್ರಶ್ನೆಗಳಿಗೆ ಒಂದು ಬೀದಿಯ ಉತ್ತರವು ಮತ್ತೊಂದು ಬೀದಿಗೆ ಸಲ್ಲುವುದಿಲ್ಲ. ಹೊಸದಾಗಿ ಬಂದ ಸೊಸೆಯೋ ರಜೆಗೆಂದು ಬಂದ ಸೋದರಳಿಯನೋ ತಮ್ಮ ಮನೆಯ ಪದ್ಧತಿಯನ್ನು ಎತ್ತಿ ಹಿಡಿದರೆ, ಈ ಮನೆಯ ಹಿರಿಯರು ತಮ್ಮದನ್ನು ಮುಂದಿಡುತ್ತಾರೆ. ಕೊನೆಗೆ ಮಣೆ ಯಾರದೋ ಕಟ್ಟಳೆಯೂ ಅವರದೇ ಎಂದು ತೀರ್ಮಾನವಾಗುತ್ತದೆ. ಇದು ನಕ್ಕು ಬಿಡಬಹುದಾದ ವಿಷಯವೆಂದು ತೋರಬಹುದು. ಆದರೆ ಕಾಯಿದೆಯ ಕಲಂಗಳ ನಡುವೆ ದಿನಗಳೆಯುವ ನಮ್ಮ ವಾಚಕರಲ್ಲಿ ಅನೇಕರಿಗೆ, ರೂಢಿಗೂ ಲಿಖಿತ ನಿಯಮಕ್ಕೂ ಇರುವ ವ್ಯಾಜ್ಯವು ಎಷ್ಟು ಹಳೆಯದು, ಎಷ್ಟು ಗಹನವಾದುದು ಎಂಬುದು ತಿಳಿದೇ ಇದೆ. ಆ ವ್ಯಾಜ್ಯವನ್ನು ಚದುರಂಗದ ಅರುವತ್ತನಾಲ್ಕು ಮನೆಗಳ ಮೇಲೆ ತಮ್ಮ ಬಾಳಿನಲ್ಲಿಯೇ ಅನುಭವಿಸಿದವರೊಬ್ಬರ ಚರಿತ್ರೆಯನ್ನು ನಾವಿಂದು ನಿರೂಪಿಸಬೇಕೆಂದಿದ್ದೇವೆ. ಅವರು ಪಂಜಾಬದ ಮೀರ್ ಸುಲ್ತಾನ್ ಖಾನರು.

ಸುಲ್ತಾನ್ ಖಾನರು 1905ರಲ್ಲಿ ಜನಿಸಿದರೆಂಬುದು ವಾಡಿಕೆಯ ಲೆಕ್ಕ. ಹುಟ್ಟಿದ ಊರು ಪಂಜಾಬದ ಪಶ್ಚಿಮ ಭಾಗದ ಮಿಠಾ ಟಿವಾಣಾ. ತಂದೆಯವರಾದ ಮಿಯಾ ನಿಜಾಮುದ್ದೀನರು ತಾವೇ ಚದುರಂಗದಲ್ಲಿ ನುರಿತವರಾಗಿದ್ದು, ಮಗನಿಗೆ ಸುಮಾರು ಒಂಬತ್ತು ವರ್ಷವಾದಾಗ ಆಟವನ್ನು ಕಲಿಸಿದರು. ಹುಡುಗನು ಬೇಗನೆ ತಂದೆಯನ್ನು ಮೀರಿಸಿದನು, ಬಳಿಕ ಊರನ್ನು ಮೀರಿಸಿದನು. ಇಪ್ಪತ್ತೊಂದರ ವಯಸ್ಸಿಗೆ ಪಂಜಾಬ ಪ್ರಾಂತಕ್ಕೇ ಅಗ್ರಗಣ್ಯನೆನಿಸಿಕೊಂಡನು. ಆದರೆ ಈ ಪ್ರಾವೀಣ್ಯವೆಲ್ಲವೂ ಹಿಂದೂಸ್ಥಾನದ ಮನೆಗಳಲ್ಲಿ ಬೆಳೆದುಬಂದ ಚದುರಂಗದಲ್ಲಿ ಪಡೆದುದಾಗಿತ್ತು. ಲಂಡನ್ನಿನಲ್ಲಿಯೂ ಪ್ಯಾರಿಸಿನಲ್ಲಿಯೂ ಆಡುತ್ತಿದ್ದ ಆಟವು ಅದಲ್ಲ. ಎರಡಕ್ಕೂ ಇದ್ದ ಅಂತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಈ ಮನುಷ್ಯನ ಸಾಹಸದ ಅಳತೆಯು ಆ ಅಂತರದಲ್ಲಿಯೇ ಇದೆ.

ಹಾಸಿನಲ್ಲಿ ಮನೆಗಳು ಅರುವತ್ತನಾಲ್ಕೇ, ಕಾಯಿಗಳೂ ಹದಿನಾರು ಹದಿನಾರೇ. ಆನೆ, ಕುದುರೆ, ಒಂಟೆ, ಮಂತ್ರಿಗಳ ಓಟವೂ ಆ ಹೊತ್ತಿಗೆ ಎರಡು ಕಡೆಯೂ ಒಂದೇ ಆಗಿತ್ತು. ಆದರೆ ಪಾಶ್ಚಾತ್ಯರ ಹಾಸಿನಲ್ಲಿ ರಾಜನ ಎದುರಿಗೆ ರಾಜನೂ ಮಂತ್ರಿಯ ಎದುರಿಗೆ ಮಂತ್ರಿಯೂ ನಿಂತರೆ, ನಮ್ಮಲ್ಲಿ ಒಬ್ಬನ ರಾಜನ ಎದುರಿಗೆ ಇನ್ನೊಬ್ಬನ ಮಂತ್ರಿಯು ನಿಲ್ಲುವುದು ವಾಡಿಕೆ. ಅವರ ಪದಾತಿಯು ಮೊದಲ ಹೆಜ್ಜೆಯಲ್ಲಿ ಎರಡು ಮನೆ ನಡೆಯಬಹುದು. ನಮ್ಮ ಪದಾತಿಗೆ ಯಾವಾಗಲೂ ಒಂದೇ ಮನೆ. ಅವರ ರಾಜನು ಆನೆಯೊಡನೆ ಸ್ಥಳ ಬದಲಿಸಿ ಮೂಲೆಯಲ್ಲಿ ಕೋಟೆ ಕಟ್ಟಿಕೊಳ್ಳುತ್ತಾನೆ. ನಮ್ಮ ರಾಜನಿಗೆ ಕೋಟೆಯಿಲ್ಲ, ಅದಕ್ಕೆ ಪ್ರತಿಯಾಗಿ ಅವನು ಇನ್ನೂ ಷಹಕ್ಕೆ ಸಿಕ್ಕಿರದಿದ್ದರೆ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು. ಅವರ ಪದಾತಿಯು ಕೊನೆಯ ಸಾಲನ್ನು ಮುಟ್ಟಿದೊಡನೆ ಆಡುವವನು ಬಯಸಿದ ಕಾಯಿಯಾಗುತ್ತದೆ, ಎಂದರೆ ಬಹುತೇಕ ಮಂತ್ರಿಯೇ ಆಗುತ್ತದೆ. ನಮ್ಮಲ್ಲಿ ಅದು ಯಾವ ಸಾಲಿನಲ್ಲಿ ಮೇಲೇರಿತೋ ಆ ಸಾಲಿನ ಒಡೆಯನಾಗುತ್ತದೆ. ಕುದುರೆಯ ಸಾಲಿನಲ್ಲಿ ಏರಿದ್ದು ಕುದುರೆ, ಆನೆಯ ಸಾಲಿನಲ್ಲಿ ಏರಿದ್ದು ಆನೆ. ಅನೇಕ ಕಡೆಗಳಲ್ಲಿ, ಆ ಕಾಯಿಯನ್ನು ಮೊದಲೇ ಕಳೆದುಕೊಂಡಿದ್ದರೆ ಮಾತ್ರ ಪದಾತಿಗೆ ಬಡತಿ ಸಿಕ್ಕುವುದು. ಇಲ್ಲವಾದರೆ ಕೊನೆಯ ಮೆಟ್ಟಿಲ ಕೆಳಗೆ ಕಾದು ನಿಲ್ಲಬೇಕು. (ಖಾಲಿ ಜಾಗವಿಲ್ಲದೆ ಬಡತಿಯಿಲ್ಲವೆಂಬ ಈ ಕಟ್ಟಳೆಯು ನಮ್ಮ ಕಚೇರಿಗಳ ಮಿತ್ರರಿಗೆ ವಿಚಿತ್ರವಾಗಿ ತೋರಲಾರದು.) ಎದುರಾಳಿಯ ರಾಜನಿಗೆ ಷಹವೂ ಇಲ್ಲದೆ ನಡೆಯಲು ಮನೆಯೂ ಇಲ್ಲದಂತೆ ಕಟ್ಟಿಹಾಕುವುದು ಅವರಲ್ಲಿ ಸಮಾನಾಂತವೆನಿಸಿದರೆ, ನಮ್ಮಲ್ಲಿ ಹಲವೆಡೆ ಅಂತಹ ನಡೆಯನ್ನು ನಡೆಯುವುದೇ ನಿಷಿದ್ಧ. ರಾಜನೊಬ್ಬನೇ ಉಳಿದರೆ ಆಟ ಅಲ್ಲಿಗೆ ಮುಗಿಯಿತೆಂದು ಕೆಲವು ಊರುಗಳಲ್ಲಿ ಎಣಿಸುತ್ತಾರೆ. ಇಷ್ಟು ಸಾಲದೆಂಬಂತೆ, ಆಟದ ಪ್ರಾರಂಭದಲ್ಲಿ ಇಬ್ಬರೂ ತಮ್ಮತಮ್ಮ ಅರ್ಧದೊಳಗೆ ಒಪ್ಪಿಗೆಯಂತೆ ಕೆಲವು ನಡೆಗಳನ್ನು ಒಟ್ಟಿಗೆ ನಡೆದುಬಿಡುವ ಪದ್ಧತಿಯೂ ಉಂಟು.

ಹೀಗೆ ಬೆಳೆದ ಆಟದ ಲಯವೇ ಬೇರೆ. ಸೈನ್ಯಗಳು ನಿಧಾನವಾಗಿ ಸಮೀಪಿಸುತ್ತವೆ. ಮೊದಲ ಹತ್ತು ಹನ್ನೆರಡು ನಡೆಗಳಲ್ಲಿ ಯಾರೂ ಯಾರನ್ನೂ ಕೆಡವಲಾರರು. ಆದುದರಿಂದ ಆ ನಡೆಗಳನ್ನು ಬಾಯಿಪಾಠ ಮಾಡುವ ಅವಶ್ಯಕತೆಯೂ ಇಲ್ಲ. ಆಟದ ಗುಟ್ಟೆಲ್ಲವೂ ನಡುವಿನ ತಾಳ್ಮೆಯಲ್ಲಿಯೂ ಕೊನೆಯ ಲೆಕ್ಕಾಚಾರದಲ್ಲಿಯೂ ಇರುತ್ತದೆ. ಯುರೋಪಿನ ಆಟವಾದರೋ ಮೊದಲ ಹೆಜ್ಜೆಯಿಂದಲೇ ಕೈಮಿಲಾಯಿಸುವ ಕಾಳಗ. ಮೊದಲ ಹದಿನೈದು ನಡೆಗಳ ಕುರಿತೇ ಅಲ್ಲಿ ಗ್ರಂಥಗಳ ರಾಶಿಯಿದೆ. ಒಂದನ್ನು ಬಲ್ಲವನು ಇನ್ನೊಂದನ್ನು ತಾನಾಗಿಯೇ ಬಲ್ಲನೆಂದು ಭಾವಿಸುವುದು ತಪ್ಪು. ನಮ್ಮ ಅಭಿಪ್ರಾಯದಲ್ಲಿ ಇದು ಒಂದು ಭಾಷೆಯಲ್ಲಿ ಪಂಡಿತನಾದವನು ಅದರ ಸೋದರಭಾಷೆಯಲ್ಲಿ ವಾದ ಹೂಡಲು ಹೊರಟಂತೆ. ಪದಗಳು ಪರಿಚಿತವೆನಿಸುತ್ತವೆ, ವ್ಯಾಕರಣವು ಎಡವಿಸುತ್ತದೆ.

ಇಲ್ಲೊಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಯುರೋಪಿನ ಕಾಯಿದೆಯು ಆಕಾಶದಿಂದ ಇಳಿದು ಬಂದುದಲ್ಲ. ಭರತಖಂಡದಲ್ಲಿ ಹುಟ್ಟಿ ಪಾರಸಿಕರ, ಅರಬರ ಮೂಲಕ ಪಡುವಣಕ್ಕೆ ಹೋದ ಆಟದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನು; ಅವನನ್ನು ರಾಣಿಯನ್ನಾಗಿ ಮಾಡಿ ಎಂಟು ದಿಕ್ಕಿಗೂ ಓಡಿಸಿದವರು ಹದಿನೈದನೆಯ ಶತಮಾನದ ಕೊನೆಯ ಭಾಗದ ಯುರೋಪಿಯನ್ನರು. ಅಂದರೆ ಅದೂ ಒಂದು ಕಾಲಕ್ಕೆ ಯಾವುದೋ ಮನೆಯ ಹೊಸ ಕಟ್ಟಳೆಯೇ. ರಾಜನನ್ನು ನಡೆಯಲಾಗದಂತೆ ಕಟ್ಟಿಹಾಕಿದರೆ ಕಟ್ಟಿಸಿಕೊಂಡವನೇ ಗೆದ್ದನೆಂದು ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪ್ರಾರಂಭದವರೆಗೂ ಎಣಿಸುತ್ತಿದ್ದರು. ಇಟಲಿಯವರು ಕೋಟೆ ಕಟ್ಟುವುದರಲ್ಲಿ ಆ ಶತಮಾನದ ಬಹುಭಾಗ ತಮ್ಮದೇ ಸ್ವತಂತ್ರ ಪದ್ಧತಿಯನ್ನು ಬಿಡಲಿಲ್ಲ. ದೇಶದೇಶಗಳ ಈ ಭೇದಗಳನ್ನು ಕೂಡಿಸಲು ಅಂತರರಾಷ್ಟ್ರೀಯ ಚದುರಂಗ ಸಂಘವು ಪ್ಯಾರಿಸಿನಲ್ಲಿ ಸ್ಥಾಪಿತವಾದುದು 1924ರಲ್ಲಿ. ಅದರ ಮೊದಲ ಅಧಿಕೃತ ನಿಯಮಾವಳಿಯು ಹೊರಬಂದುದು 1929ರಲ್ಲಿ. ಸುಲ್ತಾನ್ ಖಾನರು ಇಂಗ್ಲೆಂಡಿನ ನೆಲದ ಮೇಲೆ ಕಾಲಿಟ್ಟುದೂ ಅದೇ ವರ್ಷ.

ಆಟಕ್ಕೆ ಅಧಿಕೃತ ನಿಯಮಾವಳಿಯೇ ಬೇಡವೆಂದು ನಾವು ವಾದಿಸುತ್ತಿಲ್ಲ. ದೂರದೂರದವರು ಒಂದೇ ಹಾಸಿನ ಮುಂದೆ ಕುಳಿತಾಗ, ನಡುವೆ ಎದ್ದು ನಮ್ಮೂರ ಪದ್ಧತಿ ಹೀಗೆ ಎನ್ನಲಾಗದಂತೆ ಮೊದಲೇ ಬರೆದಿಟ್ಟ ಕಾಯಿದೆಯೊಂದು ಬೇಕು. ಇಲ್ಲವಾದರೆ ಗೆಲುವಿಗೆ ಅರ್ಥವೇ ಇರುವುದಿಲ್ಲ. ಆದರೆ ಯಾರ ಮನೆಯ ಕಟ್ಟಳೆಯು ಕಾಯಿದೆಯಾಯಿತು, ಅದಕ್ಕಾಗಿ ಯಾರು ತಮ್ಮ ಕಲಿತುದನ್ನು ಮರೆಯಬೇಕಾಯಿತು ಎಂಬ ಲೆಕ್ಕವನ್ನೂ ಇಡಬೇಕಷ್ಟೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಸ್ಪೀಟು, ಪಗಡೆ, ಚದುರಂಗಗಳಲ್ಲಿ ಹೊಸ ಹೊಸ ಆಟಗಳನ್ನು ಕಲ್ಪಿಸಿ, ಕುದುರೆಯು ಹಾಸಿನ ಪ್ರತಿಯೊಂದು ಮನೆಯನ್ನೂ ಒಮ್ಮೊಮ್ಮೆ ಮುಟ್ಟಿಬರುವ ಸಂಚಾರಕ್ರಮಗಳನ್ನು ರಚಿಸಿದರು. 1831ರಲ್ಲಿ ರಾಜ್ಯದ ಆಡಳಿತವು ಕೈಬಿಟ್ಟ ಮೇಲೂ ತಮ್ಮ ಹಾಸಿನ ಮೇಲೆ ಕಟ್ಟಳೆ ಮಾಡುವ ಅಧಿಕಾರವಾದರೂ ಅವರಿಗೆ ಉಳಿದಿತ್ತು. ಪಂಜಾಬದ ಹಳ್ಳಿಯ ಯುವಕನಿಗೆ ಅಂತಹ ಅನುಕೂಲವಿರಲಿಲ್ಲ. ಅವನು ಪರರ ಕಟ್ಟಳೆಯಲ್ಲಿ ಪರರನ್ನು ಗೆಲ್ಲಬೇಕಾಗಿತ್ತು.

ಅದಕ್ಕೆ ದಾರಿ ಮಾಡಿಕೊಟ್ಟವರು ಸರ್ ಉಮರ್ ಹಯಾತ್ ಖಾನ್ ಟಿವಾಣಾ ಎಂಬ ಜಮೀನುದಾರರು. ಸೈನ್ಯದಲ್ಲಿ ಕರ್ನಲ್ ಪದವಿ, ಸರಕಾರದಲ್ಲಿ ಮನ್ನಣೆ, ಅಪಾರವಾದ ಭೂಮಿ, ಬೇಟೆ ಕುದುರೆಗಳ ಹವ್ಯಾಸ. ಇವುಗಳೊಡನೆ ಚದುರಂಗದ ಹುಚ್ಚೂ ಅವರಿಗಿತ್ತು. ಸುಲ್ತಾನ್ ಖಾನರನ್ನು ಅವರು ತಮ್ಮ ಆಶ್ರಯಕ್ಕೆ ಕರೆಸಿಕೊಂಡು, ವೇತನ ಕೊಟ್ಟು, ಪಾಶ್ಚಾತ್ಯ ನಿಯಮಗಳನ್ನು ಕಲಿಯುವ ಏರ್ಪಾಟು ಮಾಡಿದರು. ಎರಡು ಮೂರು ವರ್ಷಗಳೊಳಗೆ, 1928ರ ಅಖಿಲ ಭಾರತ ಪಂದ್ಯದಲ್ಲಿ, ಈ ಹೊಸ ವಿದ್ಯಾರ್ಥಿಯು ಅರ್ಧ ಅಂಕವನ್ನು ಮಾತ್ರ ಕಳೆದುಕೊಂಡು ಪ್ರಥಮನಾದನು. ಮರುವರ್ಷದ ವಸಂತದಲ್ಲಿ ಸರ್ ಉಮರರು ಅವರನ್ನು ಲಂಡನ್ನಿಗೆ ಕರೆದೊಯ್ದರು.

ಅಲ್ಲಿ ಅವರ ಅಭ್ಯಾಸಕ್ಕೆಂದೇ ಒಂದು ಸಣ್ಣ ಪಂದ್ಯವು ಏರ್ಪಟ್ಟಿತು. ಫಲಿತಾಂಶವು ನಿರಾಶೆಯದು, ಸುಲ್ತಾನ್ ಖಾನರು ಕೊನೆಯ ಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡರು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಇಂಗ್ಲೆಂಡಿನ ಸಾಧಾರಣ ಆಟಗಾರನೂ ಪುಸ್ತಕದಿಂದ ಕಲಿತಿದ್ದ ಪ್ರಾರಂಭದ ನಡೆಗಳು ಇವರಿಗೆ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಸುಗಮವಾಗಿರಲಿಲ್ಲ. ಆ ಗ್ರಂಥಗಳನ್ನು ಓದುವಷ್ಟು ಇಂಗ್ಲಿಷ್ ಅವರಿಗೆ ಬಾರದೆಂದು ಜೊತೆಯ ಆಟಗಾರರು ಬರೆದಿದ್ದಾರೆ. ಇದನ್ನೇ ಹಿಗ್ಗಿಸಿ ಅವರು ನಿರಕ್ಷರಕುಕ್ಷಿಯೆಂದು ಪಶ್ಚಿಮದಲ್ಲಿ ಬಹುಕಾಲ ಪ್ರಚಾರವಾಗಿದ್ದಿತು. ಆ ಮಾತನ್ನು ಅವರ ಮನೆತನದವರು ಸ್ಪಷ್ಟವಾಗಿ ಅಲ್ಲಗಳೆದಿದ್ದಾರೆ. ಇಂಗ್ಲಿಷ್ ಬಾರದವನಿಗೆ ಅಕ್ಷರವೇ ಬಾರದೆಂದು ತೀರ್ಮಾನಿಸುವ ಅಭ್ಯಾಸವು ಆ ಕಾಲದ ಅನೇಕರಲ್ಲಿದ್ದುದೇ.

ಆಗ ಇಬ್ಬರು ಇಂಗ್ಲಿಷ್ ಆಟಗಾರರು ಅವರ ಕೈಹಿಡಿದರು. ಯೇಟ್ಸ್ ಮತ್ತು ವಿಂಟರ್ ಎಂಬ ಇವರಿಬ್ಬರೂ ತಮ್ಮ ದೇಶದ ಮುಂಚೂಣಿಯವರು, ಇವರಿಗೆ ಪ್ರತಿಸ್ಪರ್ಧಿಗಳಾಗಬಲ್ಲವರು. ಆದರೂ ದಿನವೂ ಜೊತೆಯಲ್ಲಿ ಕುಳಿತು ಆಡಿ, ಪ್ರಾರಂಭದ ನಡೆಗಳಲ್ಲಿ ಅವರನ್ನು ತಿದ್ದಿದರು. ಈ ಔದಾರ್ಯವನ್ನು ನಾವು ಮರೆಮಾಚಬಾರದು. ಅದೇ ಬೇಸಿಗೆಯಲ್ಲಿ ರಾಮ್ಸ್‌ಗೇಟಿನಲ್ಲಿ ಬ್ರಿಟಿಷ್ ಚಾಂಪಿಯನ್ ಪಂದ್ಯವು ನಡೆಯಿತು. ಕೆಲವೇ ತಿಂಗಳ ಹಿಂದೆ ಕೊನೆಯ ಸ್ಥಾನದಲ್ಲಿದ್ದವರು ಅಲ್ಲಿ ಪ್ರಥಮ ಸ್ಥಾನದಲ್ಲಿ ನಿಂತರು. ಲಂಡನ್ನಿನ ಚದುರಂಗ ವಲಯವು ಇದನ್ನು ನಂಬುವುದಕ್ಕೆ ಕೆಲವು ದಿನ ಬೇಕಾಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ನವಂಬರಿನಲ್ಲಿ ಸ್ವದೇಶಕ್ಕೆ ಹಿಂದಿರುಗಿ, 1930ರ ಮೇ ತಿಂಗಳಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದ ಸುಲ್ತಾನ್ ಖಾನರ ಮುಂದಿನ ಮೂರೂವರೆ ವರ್ಷಗಳ ಸಾಧನೆಯನ್ನು ಒಂದೊಂದಾಗಿ ಎಣಿಸುತ್ತ ಹೋದರೆ ಈ ಪುಟವು ಸಾಲದು. ಲಿಯೇಜಿನ ಪಂದ್ಯದಲ್ಲಿ ಟಾರ್ಟಕೋವರರ ಹಿಂದೆ ಎರಡನೆಯವರು. 1931ರಲ್ಲಿ ಅದೇ ಟಾರ್ಟಕೋವರರೊಡನೆ ನಡೆದ ಹನ್ನೆರಡು ಆಟಗಳ ಸೆಣಸಿನಲ್ಲಿ ನಾಲ್ಕು ಗೆದ್ದು ಮೂರು ಸೋತು ಜಯಶಾಲಿಗಳು. 1932ರಲ್ಲಿ ಲಂಡನ್ನಿನ ಮಹಾಪಂದ್ಯದಲ್ಲಿ ಆಲೆಖೈನ್ ಮತ್ತು ಫ್ಲೋರರ ನಂತರದ ಸ್ಥಾನವನ್ನು ಅಮೆರಿಕೆಯ ಕಾಶ್ಡಾನರೊಡನೆ ಹಂಚಿಕೊಂಡವರು. 1932ರಲ್ಲಿಯೂ 1933ರಲ್ಲಿಯೂ ಮರಳಿ ಬ್ರಿಟಿಷ್ ಚಾಂಪಿಯನ್ನರು. ನಾಲ್ಕು ಸಲ ಸ್ಪರ್ಧಿಸಿ ಮೂರು ಸಲ ಗೆದ್ದವರು. ರಾಷ್ಟ್ರಗಳ ತಂಡಗಳು ಕೂಡುವ ಒಲಿಂಪಿಯಾಡಿನಲ್ಲಿ ಮೂರು ಸಲ, 1930ರಲ್ಲಿ ಹ್ಯಾಂಬರ್ಗಿನಲ್ಲಿ, 1931ರಲ್ಲಿ ಪ್ರಾಗಿನಲ್ಲಿ, 1933ರಲ್ಲಿ ಫೋಕ್‌ಸ್ಟನ್ನಿನಲ್ಲಿ, ಅವರು ಮೊದಲ ಹಾಸಿನ ಮುಂದೆ ಕುಳಿತರು. ಕುಳಿತುದು ಇಂಗ್ಲೆಂಡಿನ ಪರವಾಗಿ. ಇಂಗ್ಲೆಂಡಿನ ಅತ್ಯುತ್ತಮ ಆಟಗಾರನ ಸ್ಥಾನದಲ್ಲಿ ಪಂಜಾಬಿನ ಪೇಟ ಸುತ್ತಿದವರೊಬ್ಬರು ಕುಳಿತಿದ್ದ ಆ ದೃಶ್ಯವನ್ನು ಕಂಡ ಯುರೋಪಿಯನ್ನರು ಏನೆಂದುಕೊಂಡರೋ! ಪ್ರಾಗಿನಲ್ಲಿ ಹದಿನೇಳು ಆಟಗಳಲ್ಲಿ ಅವರು ಸೋತುದು ಎರಡನ್ನು ಮಾತ್ರ. ಗೆದ್ದವುಗಳಲ್ಲಿ ಫ್ಲೋರ್ ಮತ್ತು ರೂಬಿನ್‌ಸ್ಟೈನರ ಮೇಲಿನ ಆಟಗಳೂ, ಸರಿಸಮವಾದವುಗಳಲ್ಲಿ ಜಗಜ್ಜೇತ ಆಲೆಖೈನರೊಡನೆಯ ಆಟವೂ ಸೇರಿವೆ.

ಈ ಎಲ್ಲಕ್ಕೂ ಕಿರೀಟಪ್ರಾಯವೆಂದು ನಾವೆಣಿಸುವುದು 1930–31ರ ಚಳಿಗಾಲದಲ್ಲಿ ಹೇಸ್ಟಿಂಗ್ಸಿನಲ್ಲಿ ನಡೆದ ಒಂದು ಆಟವನ್ನು. ಎದುರಿಗೆ ಕ್ಯೂಬಾದ ಕಾಪಾಬ್ಲಾಂಕರು. 1921ರಿಂದ 1927ರವರೆಗೆ ಜಗತ್ತಿನ ಚಾಂಪಿಯನ್ನರಾಗಿದ್ದು, ಸೋಲೆಂಬುದೇ ಅಪರೂಪವಾಗಿದ್ದವರು. ಅವರ ಕೀರ್ತಿಯು ಮುಖ್ಯವಾಗಿ ನಿಂತಿದ್ದುದು ಆಟದ ಅಂತ್ಯಭಾಗದ ನೈಪುಣ್ಯದ ಮೇಲೆ. ಸುಲ್ತಾನ್ ಖಾನರು ಅವರನ್ನು ತುರುಸಿನ ದಾಳಿಯಿಂದ ಕೆಡವಲಿಲ್ಲ. ತಮ್ಮ ಊರಿನ ಜಗುಲಿಯ ಲಯದಲ್ಲಿ, ಹಂತ ಹಂತವಾಗಿ ಅವರ ಕಾಯಿಗಳಿಗೆ ನಡೆಯಲು ಜಾಗವಿಲ್ಲದಂತೆ ಇಕ್ಕಟ್ಟು ಮಾಡುತ್ತ ಹೋಗಿ, 65ನೆಯ ನಡೆಯಲ್ಲಿ ಸೋಲೊಪ್ಪುವಂತೆ ಮಾಡಿದರು. ಆ ಪಂದ್ಯದಲ್ಲಿ ಕಾಪಾಬ್ಲಾಂಕರು ಸೋತುದು ಅದೊಂದೇ ಆಟ. ಮನೆಯಲ್ಲಿ ಕಲಿತ ಕಟ್ಟಳೆಯನ್ನು ಸುಲ್ತಾನ್ ಖಾನರು ಬಿಟ್ಟುಕೊಟ್ಟಿದ್ದರು, ನಿಜ. ಆದರೆ ಆ ಕಟ್ಟಳೆಯು ಬೆಳೆಸಿದ ತಾಳ್ಮೆಯನ್ನು ಬಿಟ್ಟುಕೊಡಬೇಕೆಂದು ಯಾವ ನಿಯಮಾವಳಿಯೂ ಹೇಳಿರಲಿಲ್ಲ. ಪ್ರಾರಂಭದಲ್ಲಿ ಎಡವುವುದು, ನಡುವಿನಲ್ಲಿ ಸಾವರಿಸಿಕೊಳ್ಳುವುದು, ಕೊನೆಯಲ್ಲಿ ಗೆಲ್ಲುವುದು ಅವರ ಅನೇಕ ಆಟಗಳಲ್ಲಿ ಕಾಣುವ ಕ್ರಮ. ಹಳೆಯ ಆಟವು ಅವರಿಗೆ ಏನನ್ನು ಕೊಟ್ಟಿರಲಿಲ್ಲ, ಏನನ್ನು ಕೊಟ್ಟಿತ್ತು ಎಂಬುದು ಇದರಲ್ಲಿಯೇ ವ್ಯಕ್ತವಾಗುತ್ತದೆ.

ಆ ಆಟದಲ್ಲಿ ಕಾಪಾಬ್ಲಾಂಕರು ಕರಿಯ ಕಾಯಿಗಳಿಂದ ಹೂಡಿದ ರಕ್ಷಣೆಗೆ ಯುರೋಪಿನಲ್ಲಿ ಮಂತ್ರಿಪಕ್ಷದ ಇಂಡಿಯನ್ ರಕ್ಷಣೆಯೆಂದು ಹೆಸರು. ಇಂಡಿಯನ್ ಎಂಬ ವಿಶೇಷಣ ಹೇಗೆ ಬಂದಿತು? ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಲಕತ್ತೆಯಲ್ಲಿ ವಕೀಲರಾಗಿದ್ದ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನವರು, ಮಹೇಶಚಂದ್ರ ಬ್ಯಾನರ್ಜಿಯೆಂಬ ಬಂಗಾಳಿ ಬ್ರಾಹ್ಮಣರೊಡನೆ ನೂರಾರು ಆಟಗಳನ್ನಾಡಿದರು. ಪದಾತಿಗೆ ಒಂದೇ ಹೆಜ್ಜೆಯೆಂಬ ದೇಶೀಯ ಪದ್ಧತಿಯಲ್ಲಿ ಪಳಗಿದ್ದ ಮಹೇಶಚಂದ್ರರು, ಪಾಶ್ಚಾತ್ಯ ನಿಯಮದಲ್ಲಿ ಆಡುವಾಗಲೂ ಪದಾತಿಗಳನ್ನು ಒಂದೊಂದೇ ಮನೆ ನಡೆಸಿ, ಒಂಟೆಯನ್ನು ಪಕ್ಕದಿಂದ ಹೊರಡಿಸುತ್ತಿದ್ದರು. ಆ ಆಟಗಳ ದಾಖಲೆಗಳು ಯುರೋಪನ್ನು ಮುಟ್ಟಿದವು. ಆ ಮಾದರಿಯ ಪ್ರಾರಂಭಗಳಿಗೆ ಇಂಡಿಯನ್ ಎಂಬ ಹೆಸರು ನಿಂತಿತು. ಹೀಗೆ ನಮ್ಮ ಮನೆಗಳ ಕಟ್ಟಳೆಯು ಕಾಯಿದೆಯ ಪುಸ್ತಕದಲ್ಲಿ ಸ್ಥಾನ ಪಡೆಯದಿದ್ದರೂ, ವಿದ್ಯೆಯ ಪುಸ್ತಕದಲ್ಲಿ ತನ್ನ ಹೆಜ್ಜೆಯ ಗುರುತನ್ನು ಬಿಟ್ಟಿದೆ.

ಹಾಸಿನ ಮೇಲಿನ ನಿಯಮಗಳ ಮಾತಾಯಿತು. ಹಾಸಿನಿಂದೆದ್ದ ಮೇಲೆ ಸುಲ್ತಾನ್ ಖಾನರು ಮತ್ತೊಂದು ಮನೆಯ ಕಟ್ಟಳೆಗೆ ಒಳಪಟ್ಟಿದ್ದರು. ಅದು ಆಶ್ರಯದಾತರ ಮನೆಯದು. ಅಮೆರಿಕೆಯ ಆಟಗಾರ ಫೈನರು ಬರೆದಿಟ್ಟಿರುವ ವೃತ್ತಾಂತವೊಂದು ಪ್ರಸಿದ್ಧವಾಗಿದೆ: 1933ರಲ್ಲಿ ಅಮೆರಿಕೆಯ ತಂಡವನ್ನು ಸರ್ ಉಮರರು ಲಂಡನ್ನಿನ ತಮ್ಮ ನಿವಾಸಕ್ಕೆ ಔತಣಕ್ಕೆ ಕರೆದಾಗ, ಬ್ರಿಟಿಷ್ ಸಾಮ್ರಾಜ್ಯದ ಚಾಂಪಿಯನ್ನರು ಅತಿಥಿಗಳಿಗೆ ಬಡಿಸುತ್ತ ನಿಂತಿದ್ದುದನ್ನು ಕಂಡು ಅತಿಥಿಗಳು ಮುಜುಗರಪಟ್ಟರಂತೆ. ಸುಲ್ತಾನ್ ಖಾನರು ಸೇವಕರಾಗಿದ್ದರೆಂಬ ಪ್ರತೀತಿಗೆ ಇದೇ ಮುಖ್ಯ ಆಧಾರ. ಅವರ ಕುಟುಂಬದವರು ಇದನ್ನು ಒಪ್ಪುವುದಿಲ್ಲ. ತಮ್ಮದು ಭೂಮಿಕಾಣಿಯುಳ್ಳ, ಧಾರ್ಮಿಕ ಗೌರವವುಳ್ಳ ಮನೆತನವೆಂದೂ, ಸುಲ್ತಾನ್ ಖಾನರು ಆಟಕ್ಕಾಗಿ ವೇತನ ಪಡೆದವರೇ ಹೊರತು ಆಳಲ್ಲವೆಂದೂ ಹೇಳುತ್ತಾರೆ. ಹಿರಿಯರ ಮನೆಗೆ ಬಂದ ಅತಿಥಿಗಳಿಗೆ ಮನೆಯ ಕಿರಿಯರು ಕೈಯಾರೆ ಬಡಿಸುವುದು ನಮ್ಮ ದೇಶದಲ್ಲಿ ಸೇವಕತ್ವದ ಲಕ್ಷಣವಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಒಂದು ನಾಡಿನ ಮನೆಯ ಪದ್ಧತಿಯನ್ನು ಇನ್ನೊಂದು ನಾಡಿನ ಪದ್ಧತಿಯ ಕನ್ನಡಕದಿಂದ ನೋಡಿದರೆ ಊಟದ ಮೇಜಿನ ಮುಂದೆಯೂ ತಪ್ಪೆಣಿಕೆಯಾಗುತ್ತದೆ. ಆದರೂ ಒಂದು ಸಂಗತಿಯನ್ನು ಯಾರೂ ಅಲ್ಲಗಳೆಯಲಾರರು. ಎಂದು ಹೊರಡಬೇಕು, ಎಲ್ಲಿ ಆಡಬೇಕು, ಎಂದು ಹಿಂದಿರುಗಬೇಕು ಎಂಬುದರ ಅಧಿಕಾರವು ಆಟಗಾರರ ಕೈಯಲ್ಲಿರಲಿಲ್ಲ. ಯಜಮಾನರ ಪ್ರಯಾಣವೇ ಅವರ ಪ್ರಯಾಣ.

ಅದೇ ಮನೆಯವರಾದ ಮಿಸ್ ಫಾತಿಮಾ ಎಂಬ ಯುವತಿಯು 1933ರಲ್ಲಿ ಹೇಸ್ಟಿಂಗ್ಸಿನಲ್ಲಿ ಬ್ರಿಟಿಷ್ ಮಹಿಳೆಯರ ಚಾಂಪಿಯನ್ ಪಟ್ಟವನ್ನು ಗೆದ್ದರು. ಒಂದೇ ವರ್ಷ, ಒಂದೇ ಊರಿನಲ್ಲಿ ಬ್ರಿಟನ್ನಿನ ಪುರುಷರ ಮತ್ತು ಮಹಿಳೆಯರ ಪಟ್ಟಗಳೆರಡೂ ಪಂಜಾಬದ ಒಂದು ಮನೆಗೆ ಸಂದವು. ಇಂತಹ ಸಂಗತಿಯು ನಮ್ಮಲ್ಲಿ ಇಷ್ಟು ಅಲ್ಪವಾಗಿ ತಿಳಿದಿರುವುದು ವಿಷಾದಕರ.

ಇಂಗ್ಲೆಂಡಿನ ಹವೆಯು ಸುಲ್ತಾನ್ ಖಾನರಿಗೆ ಎಂದೂ ಒಗ್ಗಲಿಲ್ಲ. ಮಲೇರಿಯಾ, ಶೀತಜ್ವರ, ಗಂಟಲುಬೇನೆಗಳು ಒಂದಾದ ಮೇಲೊಂದರಂತೆ ಬಾಧಿಸುತ್ತಿದ್ದು, ಎಷ್ಟೋ ಸಲ ಕೊರಳಿಗೆ ಪಟ್ಟಿ ಸುತ್ತಿಕೊಂಡೇ ಅವರು ಆಡಲು ಬರುತ್ತಿದ್ದರು. 1933ರ ಡಿಸೆಂಬರಿನಲ್ಲಿ ಸರ್ ಉಮರರೊಡನೆ ಸ್ವದೇಶಕ್ಕೆ ಮರಳಿದಾಗ ಅವರಿಗೆ ದುಃಖಕ್ಕಿಂತ ಬಿಡುಗಡೆಯ ಭಾವವೇ ಹೆಚ್ಚಾಗಿದ್ದಿರಬೇಕು. 1935ರಲ್ಲಿ ವಿ. ಕೆ. ಖಾಡಿಲ್ಕರರೊಡನೆ ಹತ್ತು ಆಟಗಳ ಪಂದ್ಯವಾಡಿ, ಒಂದನ್ನು ಸರಿಸಮ ಮಾಡಿಕೊಂಡು ಒಂಬತ್ತನ್ನು ಗೆದ್ದರು. ಅಲ್ಲಿಗೆ ಯುರೋಪಿನ ಪತ್ರಿಕೆಗಳಿಂದ ಅವರ ಹೆಸರು ಮಾಯವಾಯಿತು. ಮೂವತ್ತು ವರ್ಷ ವಯಸ್ಸು. ಇತರ ಆಟಗಾರರ ಪಾಲಿಗೆ ಶಕ್ತಿಯು ಹಣ್ಣಾಗುವ ಕಾಲ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ಆಡಿದುದು ಒಟ್ಟು ಐದು ವರ್ಷಕ್ಕಿಂತ ಕಡಿಮೆ.

ಮುಂದಿನ ಮೂರು ದಶಕಗಳನ್ನು ಅವರು ತಮ್ಮ ನೆಲದಲ್ಲಿ ಬೇಸಾಯಗಾರರಾಗಿ ಕಳೆದರು. ಆಶ್ರಯದಾತರು 1944ರಲ್ಲಿ ತೀರಿಕೊಂಡರು. 1947ರಲ್ಲಿ ದೇಶವಿಭಜನೆಯಾಗಿ ಅವರ ಊರು ಪಾಕಿಸ್ತಾನಕ್ಕೆ ಸೇರಿತು. ಮಕ್ಕಳಿಗೆ ಅವರು ಚದುರಂಗವನ್ನು ಕಲಿಸಲಿಲ್ಲ. ಬಾಳಿಗೆ ಹೆಚ್ಚು ಉಪಯೋಗವಾಗುವುದನ್ನು ಮಾಡಿರೆಂದು ಹೇಳುತ್ತಿದ್ದರೆಂದು ಅವರ ಮಗನೊಬ್ಬರು ನೆನೆದಿದ್ದಾರೆ. ತಂದೆಯ ಬಳಿ ಒಂಬತ್ತರ ವಯಸ್ಸಿನಲ್ಲಿ ಆಟ ಕಲಿತವರು ಹೀಗೆ ಹೇಳಿದರೆಂಬುದು ನಮಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋವಿನ ಭಾಗವಾಗಿ ತೋರುತ್ತದೆ.

ಇನ್ನುಳಿದುದು ಕಾಯಿದೆಯ ಮನೆಯ ಕಥೆ. ಅಂತರರಾಷ್ಟ್ರೀಯ ಸಂಘವು ಗ್ರ್ಯಾಂಡ್‌ಮಾಸ್ಟರ್ ಎಂಬ ಬಿರುದನ್ನು ಅಧಿಕೃತವಾಗಿ ಕೊಡತೊಡಗಿದುದು 1950ರಲ್ಲಿ. ಮೊದಲ ಪಟ್ಟಿಯಲ್ಲಿ 27 ಹೆಸರುಗಳಿದ್ದವು. ಆಗ ಆಡುತ್ತಿದ್ದವರಲ್ಲದೆ, ಆಟದಿಂದ ಎಂದೋ ನಿವೃತ್ತರಾಗಿದ್ದ ಹಿರಿಯರನ್ನೂ ಹಿಂದಿನ ಸಾಧನೆಗಾಗಿ ಅದರಲ್ಲಿ ಸೇರಿಸಿದ್ದರು. ಸೆಣಸಿನಲ್ಲಿ ಸುಲ್ತಾನ್ ಖಾನರಿಗೆ ಸೋತಿದ್ದ ಟಾರ್ಟಕೋವರರು ಅದರಲ್ಲಿದ್ದರು. ಪ್ರಾಗಿನಲ್ಲಿ ಅವರಿಗೆ ಸೋತಿದ್ದ ರೂಬಿನ್‌ಸ್ಟೈನರೂ ಫ್ಲೋರರೂ ಇದ್ದರು. ಲಂಡನ್ನಿನಲ್ಲಿ ಅವರೊಡನೆ ಸಮಸ್ಥಾನ ಪಡೆದಿದ್ದ ಕಾಶ್ಡಾನರಿಗೆ 1954ರಲ್ಲಿ ಬಿರುದು ಬಂದಿತು. ಬ್ರಿಟಿಷ್ ಪಟ್ಟವನ್ನು ಮೂರು ಸಲ ಗೆದ್ದು, ಇಂಗ್ಲೆಂಡಿನ ಮೊದಲ ಹಾಸಿನಲ್ಲಿ ಮೂರು ಒಲಿಂಪಿಯಾಡುಗಳನ್ನಾಡಿದವರ ಹೆಸರು ಮಾತ್ರ ಯಾವ ಪಟ್ಟಿಯಲ್ಲಿಯೂ ಬರಲಿಲ್ಲ. ಅವರು ಮೃತರಾಗಿದ್ದರೆಂದು ಹೇಳುವಂತಿಲ್ಲ. ಪಂಜಾಬದ ತಮ್ಮ ಹೊಲದಲ್ಲಿ ಬದುಕಿದ್ದರು. ಬಿರುದಿಗೆ ಹೆಸರನ್ನು ಮುಂದಿಡುವವರು ಬೇಕು. ಇಂಗ್ಲೆಂಡಿಗೆ ಅವರು ಹೊರಗಿನವರಾಗಿದ್ದರು. ಅವರು ಆಡಿದ ಕಾಲದ ಹಿಂದೂಸ್ಥಾನವು ಎರಡು ದೇಶಗಳಾಗಿ ಹೋಗಿತ್ತು. ಅರ್ಹತೆಯ ಕಲಮು ಎಷ್ಟೇ ಸ್ಪಷ್ಟವಾಗಿದ್ದರೂ ಅರ್ಜಿ ಹಾಕುವವರಿಲ್ಲದ ಕಡತವು ಮುಂದೆ ಸಾಗುವುದಿಲ್ಲವೆಂಬುದು ಕಚೇರಿ ಬಲ್ಲವರಿಗೆಲ್ಲ ಗೊತ್ತು.

ಅವರು 1966ರ ಏಪ್ರಿಲ್ 25ರಂದು ಸರ್ಗೋಧಾದಲ್ಲಿ ನಿಧನರಾದರು. 2024ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷರು ಇಸ್ಲಾಮಾಬಾದಿಗೆ ಬಂದು, ಮೀರ್ ಸುಲ್ತಾನ್ ಖಾನರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಮರಣೋತ್ತರವಾಗಿ ಘೋಷಿಸಿ, ಆ ಪತ್ರವನ್ನು ಪಾಕಿಸ್ತಾನದ ಅಂದಿನ ಹಂಗಾಮಿ ಪ್ರಧಾನಮಂತ್ರಿಯವರ ಕೈಗಿತ್ತರು. ಮೊದಲ ಪಟ್ಟಿಯು ಹೊರಬಿದ್ದು ಆಗ ಎಪ್ಪತ್ತನಾಲ್ಕು ವರ್ಷಗಳಾಗಿದ್ದವು.